ದಸರೆಗೆ ಬಿತ್ತಿದರೆ ಸಂಕ್ರಾಂತಿಗೆ ಕೋಸು

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಕೈತೋಟದ ಹುಮ್ಮಸ್ಸು. ಬೀಜದಂಗಡಿಯಿಂದ ಬಣ್ಣದ ಪೊಟ್ಟಣ ಬರುತ್ತದೆ. ಅದರ ಮೇಲೆ ಹಾಲಿನಂಥ ಹೂಕೋಸಿನ ಚಿತ್ರ. ಏಪ್ರಿಲ್ ತಿಂಗಳಲ್ಲಿ ಬಿತ್ತಿ, ದಿನಕ್ಕೆರಡು ಬಾರಿ ನೀರು ಹನಿಸಿ, ಶಾಲೆ ಶುರುವಾಗುವ ಹೊತ್ತಿಗೆ ಗಿಡವನ್ನು ಮೊಣಕಾಲೆತ್ತರ ಬೆಳೆಸಿರುತ್ತಾರೆ. ಎಲೆಗಳೇನೋ ದಂಡಿಯಾಗಿ ಬಂದಿರುತ್ತವೆ. ಹೂವಿನ ಸುಳಿವು ಮಾತ್ರ ಇಲ್ಲ. ಜುಲೈ ಮಳೆಗೆ ಅರ್ಧ ಗಿಡ ಕೊಳೆಯುತ್ತದೆ, ಉಳಿದರ್ಧ ಹುಳುವಿನ ಪಾಲು. "ನಿನ್ನ ಕೈಗುಣವೇ ಸರಿಯಿಲ್ಲ" ಎಂದು ಮನೆಯಲ್ಲಿ ಯಾರೋ ನಗುತ್ತಾರೆ. ಮಗು ಅದನ್ನು ನಂಬಿಬಿಡುತ್ತದೆ. ಮುಂದೆಂದೂ ಬೀಜದ ಪೊಟ್ಟಣ ಕೇಳುವುದಿಲ್ಲ.

ನಿಜವಾಗಿ ದೋಷ ಕೈಗುಣದ್ದಲ್ಲ, ಕ್ಯಾಲೆಂಡರಿನದು. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಟುಂಬದವು, ಮತ್ತು ಇಡೀ ಕುಟುಂಬವೇ ಚಳಿಯ ಪ್ರೇಮಿ. ಮಕ್ಕಳಿಗೆ ಬಿಡುವು ಸಿಗುವುದು ಬೇಸಿಗೆ ರಜೆಯಲ್ಲಿ. ಕೋಸಿಗೆ ಬೇಕಾದದ್ದು ದಸರಾ ರಜೆ. ಇಷ್ಟು ತಿಳಿದುಕೊಂಡರೆ ಅರ್ಧ ಬೆಳೆ ಕೈಗೆ ಬಂದಂತೆ.

ಹಬ್ಬಗಳೇ ವೇಳಾಪಟ್ಟಿ

ನಮ್ಮ ಪಂಚಾಂಗ ಈ ಕುಟುಂಬಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕೋಸಿನ ಬೀಜವನ್ನು ಮೊದಲು ಸಸಿಮಡಿಯಲ್ಲಿ ಚೆಲ್ಲಿ, 25ರಿಂದ 30 ದಿನದ ಸಸಿಯನ್ನು ಕಿತ್ತು ಪಾತಿಗೆ ನಾಟಿ ಮಾಡಬೇಕು. ನವರಾತ್ರಿಯ ಮೊದಲ ದಿನದಿಂದ ದೀಪಾವಳಿಯ ಅಮಾವಾಸ್ಯೆಗೆ ಸರಿಯಾಗಿ ಒಂದು ಚಾಂದ್ರಮಾಸ. ಹಾಗಾಗಿ ಕಲಶ ಇಡುವ ದಿನ ಬೀಜ ಹಾಕಿದರೆ ದೀಪಾವಳಿಗೆ ಸಸಿ ಸಿದ್ಧ. ಅಲ್ಲಿಂದ ಸಂಕ್ರಾಂತಿಗೆ ಎರಡರಿಂದ ಮೂರು ತಿಂಗಳು. ನವಿಲುಕೋಸು ನಾಟಿಯಾದ 50ರಿಂದ 60 ದಿನಗಳಲ್ಲಿ, ಬೇಗ ಬರುವ ಎಲೆಕೋಸು 60ರಿಂದ 80 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಎಳ್ಳುಬೆಲ್ಲ ಬೀರುವ ಹೊತ್ತಿಗೆ ಹಿತ್ತಲ ತರಕಾರಿ ಅಡುಗೆಮನೆ ಸೇರಿರುತ್ತದೆ. ವಾರ್ಷಿಕ ಪರೀಕ್ಷೆಯ ಗಡಿಬಿಡಿ ಆರಂಭವಾಗುವ ಮೊದಲೇ ಮಕ್ಕಳ ಕೆಲಸ ಮುಗಿದಿರುತ್ತದೆ.

ಬೆಂಗಳೂರು, ಮೈಸೂರು, ಹಾಸನ, ಕೋಲಾರ, ಬೆಳಗಾವಿಯಂಥ ಎತ್ತರದ ಪ್ರದೇಶಗಳ ಚಳಿಗಾಲ ಈ ಬೆಳೆಗಳಿಗೆ ಹೇಳಿ ಮಾಡಿಸಿದ್ದು. ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣತೆ ಸರಾಸರಿ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಎಲೆಕೋಸು ಬಿಗಿಯಾಗಿ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಉತ್ತಮ. ಕರಾವಳಿಯವರು ಮಳೆ ಪೂರ್ತಿ ನಿಂತ ಮೇಲೆ ಶುರು ಮಾಡುವುದು ಲೇಸು. ಅಲ್ಲಿನ ಸೆಕೆಗೆ ಮೂಲಂಗಿ, ನವಿಲುಕೋಸು ಹೆಚ್ಚು ಭರವಸೆಯವು. ಮಲೆನಾಡಿನ ಹುಳಿಮಣ್ಣಿಗೆ ನಾಟಿಗೆ ತಿಂಗಳ ಮುಂಚೆ ಕೃಷಿ ಸುಣ್ಣ ಬೆರೆಸಿದರೆ ಬೇರಿನ ರೋಗಗಳು ದೂರ.

ಒಂದೇ ಗಿಡ, ಹಲವು ವೇಷ

ಸಂತೆಯಲ್ಲಿ ಪಕ್ಕಪಕ್ಕ ಗುಡ್ಡೆ ಹಾಕಿದ ಎಲೆಕೋಸು, ಹೂಕೋಸು, ನವಿಲುಕೋಸು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲವೆನಿಸುತ್ತದೆ. ಆದರೆ ಸಸ್ಯಶಾಸ್ತ್ರದ ಪ್ರಕಾರ ಇವು ಅಣ್ಣತಮ್ಮಂದಿರೂ ಅಲ್ಲ, ಒಂದೇ ಜಾತಿ. ಹೆಸರು ಬ್ರಾಸಿಕಾ ಒಲೆರೇಸಿಯಾ. ಯೂರೋಪಿನ ಕಡಲತಡಿಗಳಲ್ಲಿ ಬೆಳೆಯುತ್ತಿದ್ದ ಸಾಧಾರಣ ಸೊಪ್ಪಿನ ಗಿಡವೇ ಇವುಗಳ ಪೂರ್ವಜ. ರೈತರು ತಲೆತಲಾಂತರದಿಂದ ತಮಗೆ ಬೇಕಾದ ಭಾಗ ದಪ್ಪಗಿರುವ ಗಿಡದ ಬೀಜವನ್ನೇ ಆರಿಸಿ ಉಳಿಸಿಕೊಂಡರು. ತುದಿಯ ಮೊಗ್ಗು ಊದಿಕೊಂಡದ್ದು ಎಲೆಕೋಸಾಯಿತು. ಅರಳದ ಹೂಗೊಂಚಲು ಗಟ್ಟಿಯಾದದ್ದು ಹೂಕೋಸು. ಕಾಂಡ ಉಬ್ಬಿದ್ದು ನವಿಲುಕೋಸು. ನವಿಲುಕೋಸನ್ನು ಗೆಡ್ಡೆ ಎಂದು ಕರೆದರೂ ಅದು ನೆಲದೊಳಗಿನ ಗೆಡ್ಡೆಯಲ್ಲ, ನೆಲದ ಮೇಲೆ ಕೂತ ಕಾಂಡ. ಅದರ ಮೈಮೇಲಿಂದಲೇ ಎಲೆ ಹೊರಡುವುದು ಇದಕ್ಕೆ ಸಾಕ್ಷಿ. ಎಲೆಯ ಕಂಕುಳ ಮೊಗ್ಗುಗಳು ನಿಂಬೆಗಾತ್ರಕ್ಕೆ ಬೆಳೆದು ಬ್ರಸೆಲ್ಸ್ ಸ್ಪ್ರೌಟ್ ಆದವು. ಈಗ ಪೇಟೆಗಳಲ್ಲಿ ಸಿಗುವ ಬ್ರೊಕೊಲಿಯೂ ಇದೇ ಜಾತಿ.

ಮೂಲಂಗಿ ಇದೇ ಕುಟುಂಬದ ಬೇರೊಂದು ಕವಲು. ಒಗ್ಗರಣೆಯ ಸಾಸಿವೆಯದು ಇನ್ನೂ ಸ್ವಾರಸ್ಯದ ಕಥೆ. ಜಪಾನಿನಲ್ಲಿದ್ದ ಕೊರಿಯಾ ಮೂಲದ ವಿಜ್ಞಾನಿ ನಾಗಹಾರು ಯು 1935ರಲ್ಲಿ ಈ ಗಿಡಗಳ ವರ್ಣತಂತುಗಳನ್ನು ಎಣಿಸಿ ನಂಟಸ್ತಿಕೆಯನ್ನು ಬಿಡಿಸಿಟ್ಟರು. ಬ್ರಾಸಿಕಾ ನೈಗ್ರಾ ಎಂಬ ಸಾಸಿವೆಯಲ್ಲಿ 16 ವರ್ಣತಂತು. ಟರ್ನಿಪ್ ಜಾತಿಯಲ್ಲಿ 20. ಇವೆರಡೂ ಎಂದೋ ನಿಸರ್ಗದಲ್ಲಿ ಕೂಡಿ ಹುಟ್ಟಿದ್ದೇ 36 ವರ್ಣತಂತುಗಳ ಬ್ರಾಸಿಕಾ ಜುನ್ಸಿಯಾ. ನಮ್ಮ ಒಗ್ಗರಣೆ ಡಬ್ಬಿಯಲ್ಲಿರುವುದು ಹೆಚ್ಚಾಗಿ ಇದೇ. 16ಕ್ಕೆ 20 ಕೂಡಿಸಿದರೆ 36! ಪ್ರೌಢಶಾಲೆಯ ಹುಡುಗರಿಗೆ ತಳಿಶಾಸ್ತ್ರವನ್ನು ಇದಕ್ಕಿಂತ ಸುಲಭವಾಗಿ ತಿಳಿಸಲು ಸಾಧ್ಯವೇ?

ಪೊಟ್ಟಣದ ಚಿತ್ರಕ್ಕೆ ಮರುಳಾಗಬೇಡಿ

ಹೂಕೋಸು ಕೈಕೊಡುವುದಕ್ಕೆ ದೊಡ್ಡ ಕಾರಣ ತಪ್ಪು ತಳಿ. 1822ರಲ್ಲಿ ಇಂಗ್ಲೆಂಡಿನಿಂದ ಬಂದ ಹೂಕೋಸಿನ ಬೀಜವನ್ನು ಉತ್ತರ ಭಾರತದ ಸಹಾರನ್‌ಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಉದ್ಯಾನದಲ್ಲಿ ಬೆಳೆಸಿದರು. ತಣ್ಣನೆಯ ದೇಶದ ಗಿಡ ಇಲ್ಲಿನ ಬಿಸಿಲು ಮಳೆಗೆ ತತ್ತರಿಸಿತು. ಆದರೆ ನಮ್ಮ ರೈತರು ಸೆಕೆಯಲ್ಲೂ ಹೂ ಕಟ್ಟಿದ ಗಿಡಗಳನ್ನು ಹುಡುಕಿ ಅವುಗಳ ಬೀಜವನ್ನೇ ಮತ್ತೆ ಮತ್ತೆ ಬಿತ್ತಿದರು. ಹಾಗೆ ರೂಪುಗೊಂಡದ್ದೇ ಭಾರತೀಯ ಹೂಕೋಸಿನ ತಳಿಗಳು. ಇವು 20ರಿಂದ 27 ಡಿಗ್ರಿಯಲ್ಲೂ ಹೂ ಕಟ್ಟುತ್ತವೆ. ಸ್ನೋಬಾಲ್ ಗುಂಪಿನ ತಡ ತಳಿಗಳಿಗೆ 10ರಿಂದ 16 ಡಿಗ್ರಿಯ ಚಳಿ ಬೇಕು. ನಮ್ಮ ಬಯಲುಸೀಮೆಯಲ್ಲಿ ಅಂಥ ಚಳಿ ಹಗಲು ರಾತ್ರಿ ಎಡೆಬಿಡದೆ ಸಿಗುವುದಿಲ್ಲ.

ಚಳಿಯ ತಳಿಯನ್ನು ಸೆಕೆಯಲ್ಲಿ ಬೆಳೆದರೆ ಬರೀ ಎಲೆ. ಬೇಗ ಬರುವ ತಳಿಯನ್ನು ತಡವಾಗಿ, ಕಡುಚಳಿಯಲ್ಲಿ ನೆಟ್ಟರೆ ಗಿಡ ಬಲಿಯುವ ಮೊದಲೇ ಗುಂಡಿಯಷ್ಟು ಹೂ ಬಿಟ್ಟು ಸುಮ್ಮನಾಗುತ್ತದೆ. ಆದ್ದರಿಂದ ಪೊಟ್ಟಣದ ಚಿತ್ರ ಬಿಟ್ಟು ಹಿಂಬದಿಯ ಅಕ್ಷರ ಓದಬೇಕು. ಬಿತ್ತನೆ ತಿಂಗಳು, ತಳಿಯ ಹೆಸರು, ಬೀಜದ ಅವಧಿ ಮುಗಿಯುವ ದಿನಾಂಕ ಈ ಮೂರನ್ನೂ ನೋಡದೆ ಕೊಳ್ಳಬಾರದು. ಬಯಲುಸೀಮೆಯವರು ಬೇಗ ಬರುವ ತಳಿಯನ್ನೇ ಕೇಳಿ ಪಡೆಯಲಿ. ಎಲೆಕೋಸಿನಲ್ಲಿ ಗೋಲ್ಡನ್ ಏಕರ್, ನವಿಲುಕೋಸಿನಲ್ಲಿ ವೈಟ್ ವಿಯೆನ್ನಾ, ಮೂಲಂಗಿಯಲ್ಲಿ ಹೆಸರಘಟ್ಟದ ಅರ್ಕಾ ನಿಶಾಂತ್ ಹೆಸರಾದವು.

ಮೊದಲ ಸಲ ಕೈ ಹಾಕುವವರು ಹೂಕೋಸಿನಿಂದ ಆರಂಭಿಸದಿರುವುದೇ ಜಾಣತನ. ಮೊದಲ ವರ್ಷ ಮೂಲಂಗಿ ಮತ್ತು ನವಿಲುಕೋಸು, ಎರಡನೆಯ ವರ್ಷ ಎಲೆಕೋಸು, ಮೂರನೆಯ ವರ್ಷ ಹೂಕೋಸು. ಒಂದನೆಯ ತರಗತಿ ಓದದೆ ನೇರ ಮೂರನೆಯ ತರಗತಿಗೆ ಹೋದರೆ ಏನಾಗುತ್ತದೆಂದು ಮಕ್ಕಳಿಗೆ ಗೊತ್ತು.

ಹತ್ತಡಿ ಪಾತಿ ಸಾಕು

ಹತ್ತಡಿ ಉದ್ದ, ಮೂರಡಿ ಅಗಲದ ಪಾತಿ ಒಂದು ಮನೆಗೆ ಧಾರಾಳ. ಮೂರಡಿ ಏಕೆಂದರೆ ಎರಡೂ ಬದಿಯಿಂದ ಮಗುವಿನ ಕೈ ನಡುವಿನವರೆಗೆ ಎಟುಕಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವಿರಲಿ. ಮಣ್ಣನ್ನು ಒಂದಡಿ ಆಳ ಅಗೆದು, ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ನಾಲ್ಕೈದು ಹಿಡಿ ಬೇವಿನ ಹಿಂಡಿ ಬೆರೆಸಬೇಕು. ಈ ಕುಟುಂಬದ ಹೊಟ್ಟೆ ದೊಡ್ಡದು, ಬಡಮಣ್ಣಿನಲ್ಲಿ ಏಳುವುದಿಲ್ಲ. ಎಲೆಕೋಸಿನ ಗಿಡಗಳ ನಡುವೆ ಒಂದೂವರೆ ಅಡಿ, ನವಿಲುಕೋಸಿಗೆ ಹತ್ತು ಅಂಗುಲ ಅಂತರ. ಪಾತಿಯ ಅರ್ಧಕ್ಕೆ 6 ಎಲೆಕೋಸು, ಇನ್ನರ್ಧಕ್ಕೆ 18 ನವಿಲುಕೋಸು ಹಿಡಿಸುತ್ತವೆ.

ಮಹಡಿ ಮನೆಯವರಿಗೆ ತಾರಸಿಯೇ ಹಿತ್ತಲು. ತಳಕ್ಕೆ ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ಒಂದು ಎಲೆಕೋಸು, ಅಗಲ ಬಾಯಿಯ ಕುಂಡದಲ್ಲಿ ಎರಡು ಮೂರು ನವಿಲುಕೋಸು ಸುಖವಾಗಿ ಬೆಳೆಯುತ್ತವೆ.

ಬೀಜ ಸಾಸಿವೆ ಕಾಳಿನಷ್ಟೇ ಇರುವುದರಿಂದ ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ನಾಲ್ಕೈದು ದಿನಗಳಲ್ಲಿ ಜೋಡಿ ಎಲೆ ಕಾಣಿಸುತ್ತದೆ. ಆಗ ನೀರು ಅತಿಯಾದರೆ ಸಸಿಯ ಬುಡ ಕೊಳೆತು ಬೀಳುತ್ತದೆ. ನಾಲ್ಕೈದು ಎಲೆ ಬಂದ ಸಸಿಯನ್ನು ಸಂಜೆಯ ತಂಪಿನಲ್ಲಿ ನಾಟಿ ಮಾಡಿ, ಮೂರು ದಿನ ಬಿಸಿಲಿಗೆ ಮರೆ ಕಟ್ಟಬೇಕು. ಮೂರು ವಾರಕ್ಕೆ ಬುಡಕ್ಕೆ ಮಣ್ಣೇರಿಸಿ, ಒಣಗಿದ ಎಲೆ ಹೊದಿಸಿದರೆ ತೇವ ಉಳಿಯುತ್ತದೆ.

ಮೂಲಂಗಿಗೆ ಮಾತ್ರ ಸಸಿಮಡಿ ಸಲ್ಲದು. ಕಿತ್ತು ನೆಟ್ಟರೆ ತಾಯಿಬೇರು ಮುರಿದು ಗೆಡ್ಡೆ ಕವಲೊಡೆಯುತ್ತದೆ. ಪಾತಿಯಲ್ಲೇ ಸಾಲಾಗಿ ಬಿತ್ತಿ, ನಾಲ್ಕು ಅಂಗುಲಕ್ಕೊಂದರಂತೆ ಉಳಿಸಿ ಉಳಿದದ್ದನ್ನು ಕಿತ್ತು ಸೊಪ್ಪಿನ ಪಲ್ಯಕ್ಕೆ ಬಳಸಬಹುದು. 40ರಿಂದ 45 ದಿನಕ್ಕೆ ಮೂಲಂಗಿ ಹುಳಿ ತಯಾರು.

ಪರಿಮಳವೇ ಶತ್ರುವಿಗೆ ಆಹ್ವಾನ

ಎಲೆಕೋಸು ಬೇಯುವಾಗಿನ ವಾಸನೆ, ಮೂಲಂಗಿಯ ಘಾಟು, ಸಾಸಿವೆಯ ಖಾರ ಎಲ್ಲಕ್ಕೂ ಮೂಲ ಗಂಧಕವಿರುವ ಒಂದೇ ಗುಂಪಿನ ರಾಸಾಯನಿಕಗಳು. ಗ್ಲುಕೋಸಿನೊಲೇಟ್ ಎಂದು ಇವುಗಳ ಹೆಸರು. ಎಲೆಯನ್ನು ಜಗಿದಾಗ ಒಂದು ಕಿಣ್ವ ಇವುಗಳ ಜೊತೆ ಸೇರಿ ಖಾರ ಹುಟ್ಟುತ್ತದೆ. ಕೀಟಗಳನ್ನು ಓಡಿಸಲು ಗಿಡ ಕಟ್ಟಿಕೊಂಡ ಕೋಟೆಯಿದು. ಆದರೆ ವಜ್ರಬೆನ್ನಿನ ಪತಂಗವೆಂಬ ಪುಟ್ಟ ಚಿಟ್ಟೆ ಈ ಕೋಟೆಯ ಬೀಗದ ಕೈಯನ್ನೇ ಸಂಪಾದಿಸಿಕೊಂಡಿದೆ. ಅದರ ಮರಿಹುಳುವಿನ ಕರುಳಿನಲ್ಲಿ ಖಾರ ಹುಟ್ಟದಂತೆ ತಡೆಯುವ ಕಿಣ್ವವಿದೆ. ಅಷ್ಟೇ ಅಲ್ಲ, ತಾಯಿ ಪತಂಗ ಮೊಟ್ಟೆಯಿಡಲು ಗಿಡವನ್ನು ಗುರುತಿಸುವುದೂ ಇದೇ ವಾಸನೆಯ ಜಾಡಿನಿಂದ.

ರೆಕ್ಕೆ ಮಡಿಚಿ ಕೂತಾಗ ಬೆನ್ನಿನ ಮೇಲೆ ಸಾಲಾಗಿ ವಜ್ರಾಕಾರದ ಗುರುತು ಕಾಣುವುದರಿಂದ ಈ ಹೆಸರು. ಅರ್ಧ ಅಂಗುಲಕ್ಕಿಂತ ಚಿಕ್ಕ ಹಸಿರು ಮರಿಹುಳು ಎಲೆಯಡಿ ಕೂತು ಕೆರೆಯುತ್ತದೆ. ಮುಟ್ಟಿದರೆ ಮೈ ಕುಣಿಸುತ್ತಾ ನೂಲು ಹಿಡಿದು ಕೆಳಗೆ ಜಾರುತ್ತದೆ. ಕೋಸು ಬೆಳೆಯುವ ರೈತರನ್ನು ಇದು ಜಗತ್ತಿನಾದ್ಯಂತ ಗೋಳುಹೊಯ್ದುಕೊಂಡಿದೆ. 1953ರಲ್ಲೇ ಇಂಡೊನೇಷ್ಯಾದ ಜಾವಾದಲ್ಲಿ ಇದು ಡಿಡಿಟಿಗೆ ಜಗ್ಗದ್ದು ವರದಿಯಾಯಿತು. 1990ರಲ್ಲಿ ಹವಾಯಿಯಲ್ಲಿ ಬಿ.ಟಿ. ಎಂಬ ಬ್ಯಾಕ್ಟೀರಿಯಾ ಮೂಲದ ಕೀಟನಾಶಕವನ್ನೂ ಜೀರ್ಣಿಸಿಕೊಂಡದ್ದು ಬೆಳಕಿಗೆ ಬಂತು. ಒಂದು ಔಷಧಿ ಸೋತರೆ ಇನ್ನೊಂದು, ಅದು ಸೋತರೆ ಎರಡರ ಮಿಶ್ರಣ. ಪೇಟೆಯ ಕೋಸನ್ನು ತಾಯಂದಿರು ಉಪ್ಪುನೀರಿನಲ್ಲಿ ನೆನೆಹಾಕಿ ಮೂರು ಸಲ ತೊಳೆಯುವುದರ ಹಿಂದೆ ಇರುವ ಆತಂಕ ಇದೇ. ಉಪ್ಪುನೀರಿಗೆ ಹುಳು ಹೊರಬಿದ್ದೀತು, ಔಷಧಿಯ ಅಂಶ ಪೂರ್ತಿ ಹೋಗುವುದೆಂಬ ಖಾತರಿಯಿಲ್ಲ.

ಸಾಸಿವೆಯ ಕಾವಲು

ಈ ಹುಳುವಿಗೆ ಒಂದು ಚೆಂದದ ಉಪಾಯ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲೇ ಸಿದ್ಧವಾಯಿತು. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಪತಂಗಕ್ಕೆ ಕೋಸಿಗಿಂತ ಸಾಸಿವೆ ಗಿಡ ಹೆಚ್ಚು ಇಷ್ಟ. ಕೋಸಿನ 25 ಸಾಲಿನ ಎರಡೂ ಪಕ್ಕ ಸಾಸಿವೆ ಬೆಳೆದರೆ ಹುಳುಗಳು ಅಲ್ಲಿಗೇ ಮುಗಿಬೀಳುತ್ತವೆ, ಕೋಸು ಬಚಾವಾಗುತ್ತದೆ. ಕೃಷಿಕರು ಇದನ್ನು ಆಕರ್ಷಕ ಬೆಳೆ ಎನ್ನುತ್ತಾರೆ. ಮೊದಲ ಸಾಸಿವೆಯನ್ನು ಕೋಸಿನ ನಾಟಿಗೆ 15 ದಿನ ಮುಂಚೆ, ಎರಡನೆಯದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಮೊದಲನೆಯದು ಒಣಗುವ ಹೊತ್ತಿಗೆ ಎರಡನೆಯದು ಕಾವಲಿಗೆ ನಿಲ್ಲುತ್ತದೆ.

ದೀಪಾವಳಿಗೆ ನಾಟಿಯಾದರೆ 15 ದಿನ ಮುಂಚೆ ಬರುವುದು ಮಲೆನಾಡಿಗರ ಭೂಮಿ ಹುಣ್ಣಿಮೆ, ಉತ್ತರ ಕರ್ನಾಟಕದವರ ಸೀಗಿ ಹುಣ್ಣಿಮೆ. ನೆಲತಾಯಿಗೆ ಬಯಕೆ ಬಡಿಸುವ ಆ ದಿನ ಮಕ್ಕಳು ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತೆಗೆದು ಪಾತಿಯ ಎರಡೂ ಅಂಚಿಗೆ ಬಿತ್ತಲಿ. ಖರ್ಚು ಏನೇನೂ ಇಲ್ಲ. ಆದರೆ ಸಾಸಿವೆ ಬಿತ್ತಿ ಮರೆತರೆ ಅದೇ ಹುಳುಗಳ ತವರಾಗುತ್ತದೆ. ದಿನವೂ ಬೆಳಿಗ್ಗೆ ಐದು ನಿಮಿಷ ಸಾಸಿವೆಯ ಮತ್ತು ಕೋಸಿನ ಎಲೆ ಮಗುಚಿ ನೋಡಿ, ಮೊಟ್ಟೆಗಳನ್ನು ಒರೆಸಿ, ಹುಳುಗಳನ್ನು ಸೋಪಿನ ನೀರಿಗೆ ಹಾಕಬೇಕು. ಗಿಡ ಹತ್ತಿಪ್ಪತ್ತೇ ಇರುವಾಗ ಇದಕ್ಕಿಂತ ದೊಡ್ಡ ಔಷಧಿ ಇಲ್ಲ.

ಹಾವಳಿ ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ, ಸಂಜೆ ಎಲೆಯಡಿಗೆ ಸಿಂಪಡಿಸಬಹುದು. ಇದನ್ನು ದೊಡ್ಡವರೇ ಮಾಡಲಿ. ಎಲೆಯಡಿ ಬೂದು ಬಣ್ಣದ ಹೇನು ಕಂಡರೆ ಗಾಬರಿ ಬೇಡ. ಜೋರಾಗಿ ನೀರು ಚಿಮ್ಮಿಸಿದರೆ ಉದುರುತ್ತವೆ. ಕೆಂಪು ಮೈಯ ಮೇಲೆ ಕರಿಚುಕ್ಕೆಯ ಗುಲಗಂಜಿ ಹುಳು ಬಂದರೆ ಅದನ್ನು ಮುಟ್ಟಬಾರದು. ಅದು ಹೇನು ತಿನ್ನುವ ಮಿತ್ರ.

ಪಾತಿಯೇ ಪಾಠಶಾಲೆ

ಮೂಲಂಗಿಯ ಒಂದು ಗಿಡವನ್ನು ಕೀಳದೆ ಬಿಟ್ಟರೆ ಅದು ಹೂ ಬಿಡುತ್ತದೆ. ಶಿಲುಬೆಯಂತೆ ನಿಂತ ನಾಲ್ಕು ದಳ, ನಾಲ್ಕು ಉದ್ದ ಎರಡು ಗಿಡ್ಡ ಕೇಸರ. ಸಾಸಿವೆ ಹೂವಿನದೂ ಇದೇ ಲೆಕ್ಕ. ಈ ಶಿಲುಬೆಯಿಂದಲೇ ಕುಟುಂಬಕ್ಕೆ ಹಿಂದೆ ಕ್ರೂಸಿಫೆರೆ ಎಂಬ ಹೆಸರಿತ್ತು. ಎಲೆಕೋಸು ಮಾತ್ರ ನಮ್ಮ ಬಯಲಿನಲ್ಲಿ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. ಹಲವು ವಾರಗಳ ಕಡುಚಳಿ ಉಂಡ ಮೇಲಷ್ಟೇ ಅದಕ್ಕೆ ಹೂವಿನ ನೆನಪು. ಅದರಿಂದಾಗಿಯೇ ಎಲೆಕೋಸಿನ ಬೀಜ ಹಿಮಾಚಲ ಪ್ರದೇಶದ ಕುಲು ಕಣಿವೆಯಂಥ ತಂಪು ತಾಣಗಳಲ್ಲಿ ತಯಾರಾಗುತ್ತದೆ.

ನೇರಳೆ ಬಣ್ಣದ ಎಲೆಕೋಸು ಸಿಕ್ಕರೆ ಎರಡು ಎಲೆ ಕುದಿಸಿ ಬಣ್ಣದ ನೀರು ತೆಗೆದಿಡಬಹುದು. ನಿಂಬೆರಸ ಹಿಂಡಿದರೆ ಕೆಂಪು, ಅಡುಗೆ ಸೋಡಾ ಹಾಕಿದರೆ ನೀಲಿಹಸಿರು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಲಿಟ್ಮಸ್ ಕಾಗದವೇ ಬೇಡ.

ಕೊಯ್ಲಿನಲ್ಲೂ ಜಾಗರೂಕತೆ ಬೇಕು. ನವಿಲುಕೋಸು ಟೆನಿಸ್ ಚೆಂಡಿನ ಗಾತ್ರ ಮುಟ್ಟಿದೊಡನೆ ಕೊಯ್ಯಬೇಕು, ಇನ್ನೂ ದೊಡ್ಡದಾಗಲಿ ಎಂಬ ಆಸೆಗೆ ಬಿದ್ದರೆ ನಾರು. ಅದರ ಎಳೆ ಎಲೆಯೂ ಪಲ್ಯಕ್ಕೆ ರುಚಿ. ಎಲೆಕೋಸು ಒತ್ತಿದಾಗ ಗಟ್ಟಿಯೆನಿಸಿದರೆ ಬಲಿತಂತೆ. ಆಮೇಲೆ ಒಮ್ಮೆಲೇ ನೀರು ಹೆಚ್ಚಿದರೆ ಬಿರಿದುಬಿಡುತ್ತದೆ. ಹೂಕೋಸು ನಿಂಬೆಗಾತ್ರವಾದಾಗ ಸುತ್ತಲಿನ ಎಲೆಗಳನ್ನು ಮೇಲಕ್ಕೆ ಮಡಿಚಿ ದಾರ ಕಟ್ಟಿದರೆ ಬಿಸಿಲು ತಾಗದೆ ಬಿಳುಪು ಉಳಿಯುತ್ತದೆ. ಮುಂದಿನ ವರ್ಷ ಅದೇ ಪಾತಿಗೆ ಇದೇ ಕುಟುಂಬ ಬೇಡ. ಹುರುಳಿಕಾಯಿಯೋ ಮೆಂತ್ಯವೋ ಬರಲಿ, ಮಣ್ಣಿನ ರೋಗ ಕಡಿಮೆಯಾಗುತ್ತದೆ.

ಹೀಗೆ ಬೆಳೆದ ಕೋಸು ಅಂಗಡಿಯದರಷ್ಟು ದಪ್ಪಗಿರಲಾರದು. ಹೊರ ಎಲೆಗಳಲ್ಲಿ ನಾಲ್ಕಾರು ತೂತು ಇದ್ದೇ ಇರುತ್ತವೆ. ಆರರಲ್ಲಿ ಎರಡು ಗಿಡ ಹುಳುವಿಗೆ ಹೋದರೂ ಆಶ್ಚರ್ಯವಿಲ್ಲ. ತಂದೆತಾಯಿ ಅಲ್ಲಿ ಸ್ವಲ್ಪ ತಾಳ್ಮೆ ತೋರಿದರೆ ಸಾಕು. ಗಿಡ ಯಾಕೆ ಸತ್ತಿತು ಎಂದು ಮಗು ಎಲೆ ಮಗುಚಿ ಹುಡುಕತೊಡಗಿದರೆ ಕೈಗುಣದ ಮಾತು ತಾನಾಗಿ ಮರೆಯಾಗುತ್ತದೆ.

ಕೊನೆಗೊಂದು ಸೂಚನೆ. ಎಲೆಕೋಸು ಕೊಯ್ಯುವಾಗ ಗಿಡವನ್ನು ಬೇರುಸಹಿತ ಕೀಳಬೇಡಿ. ಕೆಳಗಿನ ಕೆಲವು ಎಲೆ ಬಿಟ್ಟು ಗಡ್ಡೆಯನ್ನಷ್ಟೇ ಕತ್ತರಿಸಿ, ನೀರು ಹನಿಸುತ್ತಿರಿ. ಎರಡು ಮೂರು ವಾರಕ್ಕೆ ಉಳಿದ ಕಾಂಡದ ಕಂಕುಳಲ್ಲಿ ಪುಟ್ಟ ಪುಟ್ಟ ಮೊಗ್ಗು ಮೂಡಿ, ಮುಷ್ಟಿಗಿಂತ ಚಿಕ್ಕ ಕೋಸುಗಳಾಗಿ ಸುತ್ತಿಕೊಳ್ಳುತ್ತವೆ. ಥೇಟ್ ಬ್ರಸೆಲ್ಸ್ ಸ್ಪ್ರೌಟಿನಂತೆ! ಒಂದೇ ಗಿಡ, ಹಲವು ವೇಷ ಎಂಬ ಮಾತನ್ನು ಪರೀಕ್ಷೆಗೆ ಓದುತ್ತಾ ಕೂತ ಮಕ್ಕಳು ಕಿಟಕಿಯಿಂದಲೇ ನೋಡಬಹುದು.